ಮೊರದಲ್ಲಿ ಏಳು ಕಲ್ಲು

ಸಿಸ್ಟರ್ ಅವರ ಎಡ ಭುಜ ಬಲ ಭುಜಕ್ಕಿಂತ ಒಂದು ಬೆರಳಿನಷ್ಟು ತಗ್ಗಿತ್ತು. ಲಸಿಕೆಯ ನೀಲಿ ಡಬ್ಬಿಯನ್ನು ಇಪ್ಪತ್ತು ವರ್ಷ ಅದೇ ಹೆಗಲಿಗೆ ತೂಗುಹಾಕಿಕೊಂಡು ಊರೂರು ನಡೆದದ್ದರ ಗುರುತು ಅದು. ಡಬ್ಬಿ ಇಲ್ಲದೆ ಸುಮ್ಮನೆ ನಿಂತಾಗಲೂ ಅವರು ಎಡಕ್ಕೆ ಕೊಂಚ ವಾಲಿಯೇ ನಿಲ್ಲುತ್ತಿದ್ದರು. ಸೆರಗು ಆ ಕಡೆಯಿಂದ ಜಾರುತ್ತದೆಂದು ಎರಡು ಪಿನ್ನು ಹಾಕಿಕೊಳ್ಳುತ್ತಿದ್ದರು. ದೂರದ ತಿರುವಿನಲ್ಲಿ ಯಾರೋ ಬರುವುದು ಕಂಡರೆ ಮುಖ ಕಾಣುವ ಮೊದಲೇ ಆ ವಾಲಿದ ನಡಿಗೆಯಿಂದ ನಾವು ಹೇಳಿಬಿಡುತ್ತಿದ್ದೆವು, ಸಿಸ್ಟರ್ ಬಂದರು ಎಂದು.

ಹೊಸನಗರ ತಾಲ್ಲೂಕಿನ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಅವರು ತೀರ್ಥಹಳ್ಳಿ ಕಡೆಯಿಂದ ಬಂದವರು. ಉಪಕೇಂದ್ರ ಎಂದರೆ ಎರಡು ಕೋಣೆ, ಒಂದು ಮೇಜು, ಒಂದು ತೂಕದ ಯಂತ್ರ. ಅದಕ್ಕೆ ಸೇರಿದ ಊರುಗಳು ಮಾತ್ರ ಒಂಬತ್ತು. ಗಂಡ ತೀರಿಕೊಂಡಿದ್ದರು, ಒಬ್ಬಳು ಮಗಳು ತೀರ್ಥಹಳ್ಳಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ನಾನು ಆಶಾ ಕಾರ್ಯಕರ್ತೆಯಾಗಿ ಅವರ ಕೈಕೆಳಗೆ ಸೇರಿದಾಗ ನನಗೆ ಇಪ್ಪತ್ತೇಳು, ಅವರಿಗೆ ನಲವತ್ತನಾಲ್ಕು. ಹತ್ತನೇ ತರಗತಿ ಪಾಸಾಗಿದ್ದೆ ಎಂಬುದನ್ನು ಬಿಟ್ಟರೆ ನನ್ನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಹಿರಿಯರ ಎದುರು ಬಾಯಿ ತೆರೆಯುವುದು ಊಟಕ್ಕೆ ಮಾತ್ರ ಎಂಬಂಥ ಮನೆಯಲ್ಲಿ ಬೆಳೆದವಳು, ಅಂಥದೇ ಮನೆಗೆ ಸೊಸೆಯಾಗಿ ಬಂದವಳು.

ಕೆಲಸ ಕಲಿಸುವಾಗ ಸಿಸ್ಟರ್ ಗದರುತ್ತಿರಲಿಲ್ಲ. ಆದರೆ ಮುಂದೂಡುವುದನ್ನು ಮಾತ್ರ ಸಹಿಸುತ್ತಿರಲಿಲ್ಲ. ಬಸುರಿಯ ರಕ್ತ ಪರೀಕ್ಷೆಗೆ ಆಮೇಲೆ ಹೋಗುತ್ತೇವೆ ಎಂದು ಯಾರಾದರೂ ಅಂದರೆ, "ಆಮೇಲೆ ಅನ್ನೋ ಊರಿಗೆ ನಮ್ಮ ತಾಲ್ಲೂಕಿಂದ ಬಸ್ಸಿಲ್ಲ ಮಾರಾಯ್ತಿ. ನಾಳೆ ಬೆಳಿಗ್ಗೆ ಹೊರಡು" ಎನ್ನುತ್ತಿದ್ದರು. ಇಂಜೆಕ್ಷನ್ ಕೊಡುವ ಮೊದಲು ಬಾಟಲಿಯ ಮೇಲಿನ ಹೆಸರನ್ನೂ ಅವಧಿಯನ್ನೂ ಗಟ್ಟಿಯಾಗಿ ಓದುತ್ತಿದ್ದರು. ಡಬ್ಬಿಯಿಂದ ತೆಗೆಯುವಾಗ ಒಮ್ಮೆ, ಸಿರಿಂಜಿಗೆ ಎಳೆಯುವಾಗ ಒಮ್ಮೆ, ಬಾಟಲಿ ಕೆಳಗಿಡುವಾಗ ಮತ್ತೊಮ್ಮೆ. ತಾಯಂದಿರು ಅದನ್ನು ಮಂತ್ರ ಎಂದು ನಗುತ್ತಿದ್ದರು.

ಆ ಚಳಿಗಾಲದಲ್ಲಿ ಅವರ ಕೆಲವು ಅಭ್ಯಾಸಗಳು ನನ್ನ ಗಮನಕ್ಕೆ ಬಂದವು. ಬಾಟಲಿಯನ್ನು ಹಿಡಿದುಕೊಂಡು ಬಾಗಿಲ ಬೆಳಕಿಗೆ ಹೋಗಿ ನಿಲ್ಲುತ್ತಿದ್ದರು. ಮಗುವಿನ ಕಾರ್ಡನ್ನು ಕೈ ನೀಡಿ ದೂರ ಹಿಡಿದು, ಗದ್ದ ಹಿಂದಕ್ಕೆಳೆದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ನಿನ್ನ ಅಕ್ಷರ ಮುತ್ತಿನ ಹಾಂಗಿದೆ, ರಿಜಿಸ್ಟರು ನೀನೇ ಬರಿ" ಎಂದರು. ನಾನು ಉಬ್ಬಿಹೋದೆ. ಮೇಲಿನಿಂದ ಬಂದ ಕಾಗದಗಳನ್ನೂ "ನೀ ಓದು, ನಿಂಗೂ ಅಭ್ಯಾಸ ಆಗ್ಲಿ" ಎಂದು ನನ್ನ ಕೈಗೆ ಕೊಡತೊಡಗಿದರು. ನನ್ನನ್ನು ತಯಾರು ಮಾಡುತ್ತಿದ್ದಾರೆ ಎಂದುಕೊಂಡೆ. ರಸ್ತೆಯಾಚೆಯ ಮರದ ಮೇಲೆ ಕೂತ ಹಕ್ಕಿಯನ್ನು ಗುರುತಿಸುವವರಿಗೆ ಅಂಗೈಯಲ್ಲಿರುವ ಅಕ್ಷರ ಕಾಣುವುದಿಲ್ಲ ಎಂದು ನನಗೆ ಹೊಳೆಯುವುದಾದರೂ ಹೇಗೆ?

ಗೊತ್ತಾದದ್ದು ಒಂದು ಗುರುವಾರ, ಅಂಗನವಾಡಿಯಲ್ಲಿ. ಅಂದು ಎಂಟು ಮಕ್ಕಳು, ಮೂವರು ಬಸುರಿಯರು ಇದ್ದರು. ಮೊದಲು ಬಸುರಿಯರಿಗೆ ಟಿ.ಟಿ. ಇಂಜೆಕ್ಷನ್. ಸಿಸ್ಟರ್ ಡಬ್ಬಿಯಿಂದ ಪುಟ್ಟ ಬಾಟಲಿ ತೆಗೆದು, ಹೆಸರು ಹೇಳಿದರು, ಅವಧಿ ಹೇಳಿದರು, ಸಿರಿಂಜಿಗೆ ಎಳೆದುಕೊಂಡರು. ಏಳು ತಿಂಗಳ ಬಸುರಿಯೊಬ್ಬಳು ರವಿಕೆಯ ತೋಳು ಮಡಿಚಿ ಮುಖ ಆಚೆ ತಿರುಗಿಸಿ ಕೂತಿದ್ದಳು. ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದ ನನ್ನ ಕಡೆಗೆ ಬಾಟಲಿಯ ಚೀಟಿ ತಿರುಗಿತ್ತು. ಅದರ ಮೇಲಿದ್ದದ್ದು ಎರಡಕ್ಷರವಲ್ಲ, ಮೂರು. ಡಿ.ಪಿ.ಟಿ. ಮಕ್ಕಳಿಗೆ ಕೊಡುವ ಮದ್ದು. ದೊಡ್ಡವರಿಗೆ, ಅದರಲ್ಲೂ ಬಸುರಿಗೆ ಕೊಡುವಂಥದ್ದಲ್ಲ.

ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವಳು ನಾನು, ಎದುರಿಗಿರುವುದು ಇಪ್ಪತ್ತು ವರ್ಷ ಇದನ್ನೇ ಮಾಡಿದವರು. ನಾನೇ ತಪ್ಪು ಓದಿರಬಹುದು ಎಂದು ಇನ್ನೊಮ್ಮೆ ನೋಡಿದೆ.

"ಸಿಸ್ಟರ್, ಅದು ಟಿ.ಟಿ. ಅಲ್ಲ."

ಎಷ್ಟು ಮೆಲ್ಲಗೆ ಹೇಳಿದ್ದೆನೆಂದರೆ ನನಗೇ ಸರಿಯಾಗಿ ಕೇಳಲಿಲ್ಲ. ಆದರೆ ಅವರ ಕೈ ನಿಂತಿತು.

"ಎಂತ ಅಂದೆ?"

"ಅದು ಬೇರೆ ಬಾಟ್ಲಿ ಅನ್ಸತ್ತೆ."

ಅವರು ಬಾಟಲಿ ಹಿಡಿದು ಬಾಗಿಲಿಗೆ ಹೋದರು. ಕೈ ಚಾಚಿದರು, ಹತ್ತಿರ ತಂದರು, ಮತ್ತೆ ಚಾಚಿದರು. ಆಮೇಲೆ ನನ್ನ ಕಡೆ ತಿರುಗಿ, "ಎಂತ ಬರ್ದಿದೆ, ಒಂದೊಂದೇ ಅಕ್ಷರ ಓದು" ಎಂದರು. ಓದಿದೆ. ಸಿರಿಂಜನ್ನು ತಟ್ಟೆಯಲ್ಲಿಟ್ಟು, ಮಕ್ಕಳು ಕೂರುವ ಪುಟ್ಟ ಕುರ್ಚಿಯ ಮೇಲೆ ಕುಳಿತುಬಿಟ್ಟರು.

ಅಷ್ಟಕ್ಕೇ ಮುಗಿಸಬಹುದಿತ್ತು. ಆ ಮೂರಕ್ಷರದ ವಿಷಯ ಕೋಣೆಯಲ್ಲಿದ್ದ ಯಾರಿಗೂ ಅರ್ಥವಾಗಿರಲಿಲ್ಲ. ಬಾಟಲಿ ಬದಲಾಯಿಸಿ, ನನ್ನಿಂದಲೇ ಓದಿಸಿ, ಕೆಲಸ ಮುಂದುವರಿಸಿದ್ದರೆ ನಾನಂತೂ ಜನ್ಮದಲ್ಲಿ ಬಾಯಿ ಬಿಡುತ್ತಿರಲಿಲ್ಲ. ಸಿಸ್ಟರ್ ಎದ್ದು ನಿಂತರು.

"ನೋಡಿ, ನಂಗೆ ಹತ್ರದ ಅಕ್ಷರ ಕಾಣ್ತಿಲ್ಲ. ಒಂದು ವರ್ಷದಿಂದ ಕಾಣ್ತಿಲ್ಲ, ಮುಚ್ಚಿಟ್ಟಿದ್ದೆ. ಬಾಟ್ಲಿ ಬಣ್ಣ ನೋಡಿ, ಅಂದಾಜಲ್ಲಿ ಹೆಸ್ರು ಹೇಳ್ತಿದ್ದೆ. ಈಗ ಮಕ್ಕಳ ಮದ್ದನ್ನ ಇವಳಿಗೆ ಚುಚ್ಚೋಳಿದ್ದೆ. ಈ ಹುಡುಗಿ ತಡೆದ್ಲು. ಇವತ್ತು ನಾನು ಯಾರಿಗೂ ಇಂಜೆಕ್ಷನ್ ಕೊಡಲ್ಲ. ಬೇರೆ ಸಿಸ್ಟರನ್ನ ಕರೆಸ್ತೀನಿ. ಬೈಯೋದಿದ್ರೆ ಬೈರಿ."

ಯಾರೂ ಬೈಯಲಿಲ್ಲ. ಮೊಮ್ಮಗನನ್ನು ಎತ್ತಿಕೊಂಡು ಗೋಡೆಗೊರಗಿ ಕೂತಿದ್ದ ಅಜ್ಜಿಯೊಬ್ಬರು ಮಾತ್ರ ನಿಧಾನವಾಗಿ ಕೇಳಿದರು: "ಹಾಂಗಾರೆ ಹೋದ ತಿಂಗ್ಳು ಇವ್ನಿಗೆ ಕೊಟ್ಟಿದ್ದು ಸರಿ ಇತ್ತಾ?"

ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಸಿಸ್ಟರ್ ಆ ಅಜ್ಜಿಯ ಎದುರು ನೆಲದ ಮೇಲೆ ಕೂತರು. "ನಂಗೆ ಗೊತ್ತಿಲ್ಲ ಅಮ್ಮ. ಪತ್ತೆ ಮಾಡಿ ನಿಮ್ಮನೆಗೇ ಬಂದು ಹೇಳ್ತೀನಿ" ಎಂದರು.

ಸಂಜೆ ಇಬ್ಬರೂ ಬಸ್ಸು ಹತ್ತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ದಾರಿಯಲ್ಲಿ ನಾನು ಬೇಡಿಕೊಂಡೆ. "ಯಾರಿಗೂ ಎಂತದೂ ಆಗ್ಲಿಲ್ಲ ಸಿಸ್ಟರ್. ಬರ್ದು ಕೊಡೋದು ಎಂತಕ್ಕೆ? ಕೆಲ್ಸಕ್ಕೇ ತೊಂದ್ರೆ ಬಂದ್ರೆ?"

"ಮಗಳು ಓದೋದು ಈ ಕೆಲ್ಸದ ಸಂಬ್ಳದಲ್ಲೇ. ಅದು ನಂಗೂ ಗೊತ್ತು" ಎಂದರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನಡೆದದ್ದೆಲ್ಲ, ನಡೆದ ಹಾಗೆಯೇ. ಕೊನೆಗೆ, "ಸಕಾಲದಲ್ಲಿ ತಪ್ಪನ್ನು ಗಮನಿಸಿ ತಡೆದವರು ಆಶಾ ಕಾರ್ಯಕರ್ತೆ" ಎಂದು ಹೇಳಿ ನನ್ನ ಪೂರ್ತಿ ಹೆಸರು ಹೇಳಿದರು. ನಾನು ಪೆನ್ನು ಎತ್ತಿಬಿಟ್ಟೆ. ಮೇಲಿನವರ ತಪ್ಪು ಹಿಡಿದವಳು ಎಂದು ನನ್ನ ಹೆಸರು ಕಾಗದದಲ್ಲಿ ಕೂರುವುದನ್ನು ನೆನೆದೇ ಕೈ ನಡುಗಿತು.

"ಅದೊಂದು ಬೇಡ ಸಿಸ್ಟರ್."

"ನನ್ ತಪ್ಪು ಬರ್ಯೋವಾಗ ನಡುಗದ ಕೈ ನಿನ್ ಹೆಸ್ರು ಬರ್ಯೋಕೆ ನಡುಗ್ತದಾ? ಬರಿ."

ಬರೆದೆ. ಸರ್ಕಾರದ ಕಾಗದದಲ್ಲಿ ನನ್ನ ಹೆಸರು ಹೊಗಳಿಕೆಯಾಗಿ ಬಂದದ್ದು ಅದೇ ಮೊದಲು.

ಅಲ್ಲಿನ ಡಾಕ್ಟರಮ್ಮ ಸಿಸ್ಟರಿಗಿಂತ ಹದಿನೈದು ವರ್ಷ ಚಿಕ್ಕವರು. ಎರಡು ಬಾರಿ ಓದಿದರು. "ಕಣ್ಣು ತೋರಿಸ್ಕೊಂಡು ಬನ್ನಿ. ಅಲ್ಲಿವರೆಗೆ ಇಂಜೆಕ್ಷನ್ ಬೇಡ, ಬೇರೆ ಕೆಲಸ ನೋಡಿ" ಎಂದಷ್ಟೇ ಹೇಳಿದರು. ಆಮೇಲೆ ಮೇಲಿನಿಂದ ಕಾರಣ ಕೇಳಿ ನೋಟಿಸು ಬಂತು. ಅದಕ್ಕೂ ಸಿಸ್ಟರ್ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದರು. ಎಚ್ಚರಿಕೆಯ ಕಾಗದವೊಂದು ಬಂದು ವಿಷಯ ಅಲ್ಲಿಗೆ ಮುಗಿಯಿತು.

ಶನಿವಾರ ಕಣ್ಣು ತೋರಿಸಲು ಅವರ ಜೊತೆ ನಾನು ಸಾಗರಕ್ಕೆ ಹೊರಟೆ. ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರು ದಾಟುವವರೆಗೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ತಾವಾಗಿಯೇ ಮಾತು ತೆಗೆದರು.

"ಚಾಳೀಸು ಅಂತ ನಂಗೆ ಗೊತ್ತಿರಲಿಲ್ವಾ? ನಲವತ್ತು ದಾಟಿದ್ಮೇಲೆ ಎಲ್ರಿಗೂ ಬರೋದೇ. ಎಷ್ಟು ಜನಕ್ಕೆ ನಾನೇ ಹೇಳಿದೀನಿ. ಆದ್ರೆ ನಮ್ಮಮ್ಮಂಗೂ ಮೊದ್ಲು ಚಾಳೀಸು ಅಂತಾನೇ ಅಂದಿದ್ದು ಮಾರಾಯ್ತಿ. ಸೂಜಿ ಪೋಣಿಸೋಕೆ ಆಗ್ತಿರಲಿಲ್ಲ, ನಾವು ನಗ್ತಿದ್ವಿ. ಹತ್ತು ವರ್ಷದಲ್ಲಿ ಪೂರ್ತಿ ಹೋಯ್ತು. ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗೋರು. ನಂಗೂ ಅದೇ ಶುರುವಾಯ್ತು ಅನ್ಕೊಂಡೆ. ಡಾಕ್ಟ್ರ ಬಾಯಲ್ಲಿ ಅದನ್ನ ಕೇಳೋಕೆ ಧೈರ್ಯ ಇರಲಿಲ್ಲ."

ಊರಿಗೆಲ್ಲ ನಾಳೆಯೇ ಹೊರಡು ಎನ್ನುವವರು ಒಂದು ವರ್ಷ ತಮ್ಮ ಕಣ್ಣನ್ನು ತಾವೇ ಮುಚ್ಚಿಟ್ಟುಕೊಂಡಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಬೆವರಿತ್ತು.

ಕಣ್ಣಿನ ಡಾಕ್ಟರು ನಿಧಾನಸ್ಥರು. ತಾಯಿಯ ಕಥೆ ಕೇಳಿ, ಕಣ್ಣಿನ ಒತ್ತಡ ಅಳೆದರು, ಔಷಧಿ ಹಾಕಿ ಒಳಗೆಲ್ಲ ದೀಪ ಬಿಟ್ಟು ನೋಡಿದರು. "ಒತ್ತಡ ಸರಿಯಿದೆ, ನರ ಚೆನ್ನಾಗಿದೆ. ಇದು ಚಾಳೀಸು ಅಷ್ಟೇ. ಕಣ್ಣೊಳಗಿನ ಮಸೂರ ವಯಸ್ಸಾದ ಹಾಗೆ ಬಿಗಿಯಾಗುತ್ತೆ, ಹತ್ತಿರಕ್ಕೆ ಹೊಂದಿಕೊಳ್ಳೋಕೆ ಬರಲ್ಲ. ಕನ್ನಡಕ ಹಾಕ್ಕೊಳ್ಳಿ. ತಾಯಿಯ ಕಣ್ಣು ಹೋಗಿದ್ದು ಒತ್ತಡ ಏರಿ ಇರಬಹುದು, ಅದಕ್ಕೇ ವರ್ಷಕ್ಕೊಮ್ಮೆ ಬಂದು ಒತ್ತಡ ನೋಡಿಸಿ" ಎಂದರು.

"ಬರೀ ಚಾಳೀಸಾ ಸರ್?" ಎಂದು ಸಿಸ್ಟರ್ ಕೇಳಿದರು. ಮತ್ತೆ ಅದನ್ನೇ ಕೇಳಿದರು. ಡಾಕ್ಟರು ಎರಡು ಸಲವೂ ಹೌದು ಎಂದರು.

ಕನ್ನಡಕ ಕೈಗೆ ಸಿಕ್ಕ ದಿನ ಅಂಗಡಿಯಲ್ಲಿ ಅವರು ಕನ್ನಡಿ ನೋಡಿಕೊಳ್ಳಲಿಲ್ಲ. ತಮ್ಮ ಅಂಗೈ ನೋಡಿಕೊಂಡರು. "ಇಷ್ಟು ಗೆರೆ ಯಾವಾಗ ಬಂತು?" ಎಂದರು. ವಾಪಸು ಬರುವಾಗ ಬಸ್ಸಿನ ಟಿಕೆಟನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು, ತಿರುಗಿಸಿ ಹಿಂದಿನದನ್ನೂ ಓದಿದರು. ನನ್ನ ಮುಖದ ಹತ್ತಿರ ಬಂದು, "ನಿನ್ ಕೆನ್ನೆ ಮೇಲೆ ಮಚ್ಚೆ ಇದೆಯಲ್ಲೆ, ನೋಡೇ ಇರಲಿಲ್ಲ" ಎಂದು ನಕ್ಕರು.

ಮರುದಿನದಿಂದ ಅಜ್ಜಿಗೆ ಕೊಟ್ಟ ಮಾತು ಹಿಡಿದು ಕೂತರು. ಒಂದು ವರ್ಷದಲ್ಲಿ ಬಂದ ಬಾಟಲಿಗಳೆಷ್ಟು, ಬಳಸಿದ್ದೆಷ್ಟು, ಯಾವ ದಿನ ಯಾವ ಮದ್ದು ಎಂದು ದಾಸ್ತಾನು ಪುಸ್ತಕಕ್ಕೂ ಮಕ್ಕಳ ಕಾರ್ಡಿಗೂ ತಾಳೆ ಹಾಕಿದರು. ನಾನು ಮನೆಮನೆಯಿಂದ ಕಾರ್ಡು ತಂದು ಕೊಡುತ್ತಿದ್ದೆ. ಮೂರು ವಾರ ಹಿಡಿಯಿತು. ಎಲ್ಲ ಸರಿ ಹೊಂದಿತು. ಆ ದಿನವೇ ನಡೆದುಕೊಂಡು ಹೋಗಿ ಅಜ್ಜಿಗೆ ತಿಳಿಸಿದರು. ಅಜ್ಜಿ ಮಜ್ಜಿಗೆ ಕೊಟ್ಟು, "ಬಂದು ಹೇಳ್ತಿ ಅಂತ ಎಣಿಸಿರಲಿಲ್ಲ" ಎಂದರು. ಅಂದಿನಿಂದ ಸಿಸ್ಟರ್ ಗಟ್ಟಿಯಾಗಿ ಓದಿದ್ದನ್ನು ಪಕ್ಕದಲ್ಲಿ ಇನ್ನೊಬ್ಬರೂ ಓದಿ ಹೌದು ಎನ್ನಬೇಕೆಂಬ ಪದ್ಧತಿ ನಮ್ಮಲ್ಲಿ ಬಂತು. ಡಾಕ್ಟರಮ್ಮ ಅದನ್ನು ಸುತ್ತಲಿನ ಉಪಕೇಂದ್ರಗಳಲ್ಲೂ ಮಾಡಿಸಿದರು.

ಅಲ್ಲಿಗೆ ಮುಗಿದಿದ್ದರೆ ಅವರೊಬ್ಬ ಪ್ರಾಮಾಣಿಕ ನೌಕರರು ಎಂದು ನೆನೆಯುತ್ತಿದ್ದೆ. ಅವರು ಅಲ್ಲಿಗೆ ಬಿಡಲಿಲ್ಲ. ಒಂದು ಬೆಳಿಗ್ಗೆ ಅಕ್ಕಿ ಆರಿಸುತ್ತ, ಕನ್ನಡಕ ಹಾಕಿ ತೆಗೆದು, ಹಾಕಿ ತೆಗೆದು ನೋಡುತ್ತಿದ್ದರು. "ನಂಗೆ ಬಾಟ್ಲಿ ಇತ್ತು, ಅದಕ್ಕೇ ಗೊತ್ತಾಯ್ತು. ಓದು ಬರಹ ಇಲ್ದಿರೋ ಹೆಂಗಸ್ರಿಗೆ ಕಣ್ಣು ಮಂದ ಆಗಿದ್ದು ಹೇಗೆ ಗೊತ್ತಾಗ್ಬೇಕು?" ಎಂದರು.

ಆ ಅಕ್ಕಿಯಿಂದಲೇ ಸಣ್ಣ ಬಿಳಿ ಕಲ್ಲುಗಳನ್ನು ಆರಿಸಿ, ತೊಳೆದು, ಖಾಲಿ ಮಾತ್ರೆ ಡಬ್ಬಿಯಲ್ಲಿ ಹಾಕಿಟ್ಟುಕೊಂಡರು. ಏಳು ಕಲ್ಲು. ಯಾವ ಮನೆಗೆ ಹೋದರೂ ಮೊರ ತರಿಸಿ, ಒಂದು ಬೊಗಸೆ ಅಕ್ಕಿಯಲ್ಲಿ ಅವನ್ನು ಬೆರೆಸಿ, ನಲವತ್ತು ದಾಟಿದವರ ಮುಂದೆ ಇಡುತ್ತಿದ್ದರು. "ಹುಡುಕಿ ಕೊಡಿ, ನನ್ನ ಕಲ್ಲು ನಂಗೆ ವಾಪಸ್ ಬೇಕು." ಕೆಲವರು ಏಳನ್ನೂ ಕೊಡುತ್ತಿದ್ದರು. ಕೆಲವರು ಮೂರಕ್ಕೆ ನಿಲ್ಲುತ್ತಿದ್ದರು. ಬೆಳಕು ಸಾಲದು, ತಲೆ ನೋವು, ಕೈ ನಡುಗುತ್ತದೆ ಎಂದು ಕಾರಣ ಹೇಳುತ್ತಿದ್ದರು. ಅಂಥವರ ಹೆಸರನ್ನು ಸಿಸ್ಟರ್ ಬರೆದುಕೊಳ್ಳುತ್ತಿದ್ದರು.

ಒಂದು ಮನೆಯಲ್ಲಿ ಹೆಂಡತಿಗೆ ನಾಲ್ಕು ಕಲ್ಲು ಸಿಕ್ಕಲಿಲ್ಲ. ಕಣ್ಣು ತೋರಿಸಬೇಕು ಎಂದದ್ದಕ್ಕೆ ಜಗಲಿಯಲ್ಲಿದ್ದ ಗಂಡ ನಕ್ಕರು.

"ಇವಳಿಗೆಂತಕ್ಕೆ ಕನ್ನಡಕ? ಪೇಪರ್ ಓದ್ತಾಳಾ?"

"ಪೇಪರ್ ನೀವು ಓದಿ ಗೌಡ್ರೆ. ನಿಮ್ಮನ್ನದಲ್ಲಿ ಕಲ್ಲು ಸಿಕ್ರೆ ಯಾರಿಗೆ ಬೈತೀರಿ?"

"ಮತ್ಯಾರಿಗೆ? ಇವಳಿಗೇ."

"ಹಾಂಗಾದ್ರೆ ಕನ್ನಡಕ ಯಾರಿಗೆ ಬೇಕು?"

ಸಿಸ್ಟರ್ ಮೊರವನ್ನು ಗೌಡರ ಮುಂದೆಯೂ ಇಟ್ಟರು. ಅವರಿಗೆ ಸಿಕ್ಕಿದ್ದು ಎರಡೇ ಕಲ್ಲು. ಮುಂದಿನ ವಾರ ಗಂಡ ಹೆಂಡತಿ ಇಬ್ಬರೂ ಒಂದೇ ಬಸ್ಸಿನಲ್ಲಿ ಸಾಗರಕ್ಕೆ ಹೋಗಿ ಬಂದರು.

ಹೀಗೆ ವರ್ಷ ವರ್ಷವೂ ನಾಲ್ಕಾರು ಜನರನ್ನು ಗುಂಪು ಕಟ್ಟಿ ಕಳಿಸಿದರು. ಹೊಸನಗರದಲ್ಲಿ ಬ್ಲೌಸು ಹೊಲಿಯುತ್ತಿದ್ದ ಹೆಂಗಸೊಬ್ಬಳು ಕಾಜಾ ಹಾಕಲು ಆಗುವುದಿಲ್ಲವೆಂದು ಮಿಷನ್ನು ಮಾರುವುದರಲ್ಲಿದ್ದಳು. ಅವಳು ಇವತ್ತಿಗೂ ಹೊಲಿಯುತ್ತಿದ್ದಾಳೆ. ಸಂತೆಯಲ್ಲಿ ಸಿಗುವ ಕನ್ನಡಕ ಕೊಂಡರೆ ಸಾಲದೇ ಎಂದು ಕೇಳಿದವರಿಗೆ, "ಬೇಡ ಅನ್ನಲ್ಲ. ಆದ್ರೆ ಮೊದ್ಲು ಒಂದ್ಸಲ ಡಾಕ್ಟ್ರು ಕಣ್ಣೊಳಗೆ ನೋಡ್ಲಿ. ಒಳಗೆ ಬೇರೆಂತದೋ ಇದ್ರೆ ಸಂತೆಯವನಿಗೆ ಗೊತ್ತಾಗಲ್ಲ" ಎನ್ನುತ್ತಿದ್ದರು. ಅವರು ಕಳಿಸಿದವರಲ್ಲಿ ಇಬ್ಬರಿಗೆ ಕಣ್ಣಿನ ಒತ್ತಡ ಏರಿದ್ದು ಹಾಗೆಯೇ ಸಿಕ್ಕಿತು. ಅವರಿಬ್ಬರೂ ಈಗಲೂ ದಿನಾ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಾರೆ, ತಮ್ಮ ಪಾಡಿಗೆ ಓಡಾಡಿಕೊಂಡಿದ್ದಾರೆ.

ಕನ್ನಡಕ ಅವರಿಗೇನು ಸುಲಭವಾಗಿ ಒಗ್ಗಲಿಲ್ಲ. ನಾಲ್ಕೈದು ವರ್ಷಕ್ಕೆ ಪವರು ಏರುತ್ತಿತ್ತು. ಒಮ್ಮೆ ದೂರಕ್ಕೂ ಹತ್ತಿರಕ್ಕೂ ಒಂದೇ ಎಂದು ಎರಡು ಭಾಗದ ಗಾಜು ಹಾಕಿಸಿಕೊಂಡರು. ಹಳ್ಳದ ಮೇಲಿನ ಮರದ ಸಂಕ ಇಳಿಯುವಾಗ ಕೆಳಗಿನ ಗಾಜಿನಲ್ಲಿ ನೆಲ ಎದ್ದು ಬಂದ ಹಾಗೆ ಕಂಡು, ಕಾಲು ತಪ್ಪಿ, ಲಸಿಕೆ ಡಬ್ಬಿಯನ್ನು ಮೇಲೆತ್ತಿ ಹಿಡಿದು ನೀರಿಗೆ ಬಿದ್ದರು. ಮೊಣಕಾಲಿನ ಗಾಯ ತೊಳೆದುಕೊಳ್ಳುತ್ತ, "ಓದೋಕೆ ಒಂದು, ನಡೆಯೋಕೆ ದೇವರು ಕೊಟ್ಟಿದ್ದು" ಎಂದು ಮತ್ತೆ ಬರೀ ಓದುವ ಕನ್ನಡಕಕ್ಕೇ ಮರಳಿದರು.

ನಿವೃತ್ತಿಗೆ ಎರಡು ವರ್ಷ ಇರುವಾಗ ಒಂದು ವಿಚಿತ್ರ ನಡೆಯಿತು. ತಿಂಗಳ ವರದಿ ಓದುತ್ತ ಕೂತಿದ್ದ ಸಿಸ್ಟರ್ ತಟ್ಟನೆ ತಲೆಯೆತ್ತಿದರು. ಕನ್ನಡಕ ಮೇಜಿನ ಮೇಲಿತ್ತು. ಹಾಕದೆಯೇ ಓದುತ್ತಿದ್ದರು. ನಾನು ಮಾತ್ರೆಯ ಹಾಳೆ ಕೊಟ್ಟೆ, ಅದರ ಸಣ್ಣ ಅಕ್ಷರವನ್ನೂ ಓದಿದರು. "ಕಣ್ಣು ವಾಪಸ್ ಬಂತು ಸಿಸ್ಟರ್, ಸಿಹಿ ಹಂಚಿ" ಎಂದೆ.

ಅವರು ಬಾಗಿಲಿಗೆ ಹೋಗಿ ರಸ್ತೆಯ ಕಡೆ ನೋಡಿದರು. "ಆ ಬೋರ್ಡು ಮಸುಕಾಗಿದೆ" ಎಂದರು. ಆಮೇಲೆ ನನಗೆ ಪಾಠ ಹೇಳುವ ದನಿಯಲ್ಲಿ, "ವಯಸ್ಸಾದವ್ರಿಗೆ ಹೀಗೆ ಇದ್ದಕ್ಕಿದ್ದಂಗೆ ಹತ್ರ ಕಾಣೋಕೆ ಶುರುವಾದ್ರೆ ಅದು ಪೊರೆ ಬರ್ತಿರೋ ಗುರುತು ಇರಬಹುದು. ಸಿಹಿ ಹಂಚೋದಲ್ಲ, ಡಾಕ್ಟ್ರ ಹತ್ರ ಹೋಗೋದು. ಇದನ್ನ ನಿನ್ ಪುಸ್ತಕದಲ್ಲಿ ಬರ್ಕೋ" ಎಂದರು.

ಮರುದಿನದ ಮೊದಲ ಬಸ್ಸಿಗೆ ಹೊರಟರು. ಜೊತೆಗೆ ಬರುತ್ತೇನೆಂದರೆ ಬೇಡವೆಂದರು. ಪೊರೆಯೇ ಆಗಿತ್ತು. ಒಂದೊಂದೇ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ರಜೆ ಮುಗಿದ ದಿನವೇ ಡಬ್ಬಿ ಹೆಗಲಿಗೇರಿಸಿದರು. ಆ ಬೆಳಿಗ್ಗೆ ಒಬ್ಬರೇ ಬಸ್ಸು ಹತ್ತಿದ್ದನ್ನು ನೋಡಿ ನನಗೆ ಆದ ಹೆಮ್ಮೆ, ನನ್ನ ಮಗಳು ಮೊದಲ ದಿನ ಅಳದೆ ಶಾಲೆಗೆ ಹೋದಾಗ ಆದಂಥದ್ದು.

ನಿವೃತ್ತಿಯ ದಿನ ಒಂಬತ್ತೂ ಊರಿನವರು ಸೇರಿ ಶಾಲೆಯ ಅಂಗಳದಲ್ಲಿ ಊಟ ಹಾಕಿದರು. ಅಡುಗೆಯ ಅಕ್ಕಿ ಆರಿಸಲು ಹೆಂಗಸರು ಸಾಲಾಗಿ ಕೂತರು. ಕುಪ್ಪಸದಿಂದ, ಚೀಲದಿಂದ, ಕೊರಳ ದಾರದಿಂದ ಒಂದೊಂದೇ ಕನ್ನಡಕ ಹೊರಗೆ ಬಂತು. ಸಿಸ್ಟರ್ ವೇದಿಕೆ ಬಿಟ್ಟು ಬಂದು ಆ ಸಾಲಿನ ಕೊನೆಯಲ್ಲಿ ತಾವೂ ಒಂದು ಮೊರ ತೆಗೆದುಕೊಂಡು ಕೂತರು. ಭಾಷಣ ಮಾಡಿ ಎಂದರೆ, "ಅಕ್ಕಿ ಮುಗೀಲಿ" ಎಂದರು. ಅಕ್ಕಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಭಾಷಣ ಆಗಲೇ ಇಲ್ಲ.

ಆಮೇಲೆ ತೀರ್ಥಹಳ್ಳಿ ಹತ್ತಿರದ ತಮ್ಮೂರಿಗೆ ಮರಳಿದರು. ಮಗಳು ಅಷ್ಟರಲ್ಲಿ ಅಲ್ಲಿಯೇ ಹೈಸ್ಕೂಲು ಟೀಚರಾಗಿದ್ದಳು. ವಾರಕ್ಕೊಮ್ಮೆ ನನಗೆ ಫೋನು ಮಾಡಿ, ಯಾರ ಮನೆಯಲ್ಲಿ ಬಾಣಂತಿ, ಹೊಸ ಸಿಸ್ಟರ್ ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದರು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅವರ ನಂಬರಿನಿಂದ ಮಗಳ ದನಿ ಬಂತು. ಕಾಫಿ ಕುಡಿದು ಪೇಪರು ಓದುತ್ತ ಕೂತವರು ಹಾಗೆಯೇ ಒರಗಿ ಪ್ರಾಣ ಬಿಟ್ಟಿದ್ದರಂತೆ.

ನಾವು ಹನ್ನೊಂದು ಜನ ಹೆಂಗಸರು ಹೊರಟೆವು. ಗೌಡರ ಹೆಂಡತಿ ಇದ್ದಳು, ಬ್ಲೌಸು ಹೊಲಿಯುವವಳಿದ್ದಳು, ಅಂದು ತೋಳು ಮಡಿಚಿ ಕೂತಿದ್ದ ಬಸುರಿ, ಈಗ ಕಾಲೇಜಿಗೆ ಹೋಗುವ ಮಗಳ ತಾಯಿ, ಅವಳೂ ಇದ್ದಳು. ನಾವು ತಲುಪುವಾಗ ಅಂಗಳದಲ್ಲಿ ಜನ ತುಂಬಿತ್ತು. ಎಲ್ಲ ನೆಂಟರು, ಎಲ್ಲ ಅಪರಿಚಿತ ಮುಖಗಳು. ನಾವು ಬೇಲಿಯ ಹತ್ತಿರವೇ ಗುಂಪಾಗಿ ನಿಂತೆವು. ಪಂಚೆ ಉಟ್ಟ ಹಿರಿಯರೊಬ್ಬರು, ಸಿಸ್ಟರ್ ಅವರ ಅಣ್ಣನಿರಬೇಕು, ನಮ್ಮನ್ನು ಕಂಡು ಹತ್ತಿರ ಬಂದರು.

"ನೀವು ಯಾರ ಕಡೆಯವ್ರು?"

ಹತ್ತೂ ಜನ ನನ್ನ ಕಡೆ ನೋಡಿದರು. ಆ ಬಾಟಲಿಯ ಹೆಸರು ಓದುವುದಕ್ಕೆ ಮೊದಲಿನ ನಾನಾಗಿದ್ದರೆ ತಲೆ ತಗ್ಗಿಸಿ ಇನ್ನೊಬ್ಬರ ಬೆನ್ನ ಹಿಂದೆ ಸರಿಯುತ್ತಿದ್ದೆ. ಯಾರ ಎದುರಿಗೂ ಇದ್ದದ್ದನ್ನು ಹೇಳಬಲ್ಲ ಬಾಯಿ ನನಗೆ ಬಂದದ್ದು ಎಲ್ಲಿಂದ ಎಂದು ಆ ಅಂಗಳದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

"ನಾವು ಸಿಸ್ಟರ್ ಕಡೆಯವರು" ಎಂದೆ.

ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಅಂಗಳದ ಜನರಿಗೆ ಕೈಸನ್ನೆ ಮಾಡಿ ದಾರಿ ಬಿಡಿಸಿದರು.

"ಹಾಂಗಾದ್ರೆ ಇಲ್ಲೆಂತಕ್ಕೆ ನಿಂತಿದೀರಿ? ಮುಂದೆ ಬನ್ನಿ."